ಹಣೆಗೆ ಅಡ್ಡ ಹಿಡಿದ ಅಂಗೈ

ಬೋರಕ್ಕ ಮುನ್ನುಗ್ಗಿ ಭಾವನ ಕೈಯಲ್ಲಿದ್ದ ಚೊಂಬನ್ನು ಕಿತ್ತುಕೊಂಡಳು. ಸೀಗೇಕಾಯಿ ನೀರು ಅರ್ಧ ಚೆಲ್ಲಿ ದೊಡ್ಡತಿಮ್ಮಪ್ಪನ ಪಂಚೆ ತೊಯ್ದುಹೋಯಿತು.

"ಮುಖಕ್ಕೆ ಹುಯ್ಯಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಲಿ ಭಾವ?"

ಅಂಗಳದಲ್ಲಿದ್ದವರ ಅಳು ಅಲ್ಲಿಗೇ ನಿಂತಿತು. ಗಂಡನ ಅಣ್ಣ ಬಂದರೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದ ಹೆಂಗಸು ಇವಳು. ಹಿರಿಯೂರಿನ ಆ ಕೇರಿಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ. ಈಗ ಗಂಡನ ಹೆಣದ ಮುಂದೆ ನಿಂತು ಚೊಂಬು ಕಿತ್ತುಕೊಳ್ಳುವುದೆಂದರೆ!

ಚಿತ್ತಯ್ಯನನ್ನು ಮಣೆಯ ಮೇಲೆ ಕೂರಿಸಿ ಗೋಡೆಗೆ ಒರಗಿಸಿದ್ದರು. ಹಿಂದಿನ ಸಂಜೆ ಎದೆನೋವು ಅಂತ ಮಲಗಿದವನು ಬೆಳಗ್ಗೆ ಏಳಲಿಲ್ಲ. ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿದು ಸುಲಿದು ಒರಟಾಗಿದ್ದ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ತಲೆಗೆ ತಿಕ್ಕಿದ ಸೀಗೇಪುಡಿಯ ರಾಡಿ ಹುಬ್ಬು ದಾಟಿ ಕೆಳಗಿಳಿಯುತ್ತಿತ್ತು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ.

"ಹೊತ್ತು ಏರ್ತೈತೆ ಕಣಮ್ಮ," ಎಂದ ದೊಡ್ಡತಿಮ್ಮಪ್ಪ, ಪಂಚೆ ಹಿಂಡಿಕೊಳ್ಳುತ್ತ. "ಗುಂಡಿ ತೋಡಿದೋರು ಹೊಳೆ ದಂಡ್ಯಾಗೆ ಕಾಯ್ತಾ ಕುಂತವ್ರೆ. ಆ ಚೊಂಬು ಕೊಡಿಲ್ಲಿ."

"ಕಾಯ್ಲಿ ಬಿಡ್ರಿ. ಸೀಗೇಕಾಯಿ ಆತನ ಕಣ್ಣೊಳಕ್ಕೆ ಹೋಗ್ತೈತೆ."

"ಸತ್ತೋನ ಕಣ್ಣಿಗೆ ಎಂಥ ಉರಿ?"

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಬೋರಕ್ಕ ಚೊಂಬನ್ನು ಬೆನ್ನ ಹಿಂದಕ್ಕೆ ಹಿಡಿದಳು. ಇಂಥದೇ ಮಾತನ್ನು ಇದೇ ಬಾಯಿಂದ ಅವಳು ಹಿಂದೆಯೂ ಕೇಳಿದ್ದಳು. ಹಿತ್ತಲಿನ ಗೂಟಕ್ಕೆ ಕಟ್ಟಿಹಾಕಿದ್ದ ಕೆಂಚ ಬೆಳಗ್ಗೆಯಿಂದ ಕುಂಯ್‌ಗುಡುತ್ತಲೇ ಇತ್ತು. ಹೆಣದ ಹತ್ತಿರ ನಾಯಿ ಸುಳಿಯಬಾರದು ಅಂತ ಕಟ್ಟಿಸಿದವನೂ ಈ ಮಹಾನುಭಾವನೇ.

*

ಮಂಡಿಯಲ್ಲಿ ಕಾಯಿರಾಶಿಯ ಸಂದಿಯಲ್ಲಿ ಸಿಕ್ಕಿದ ಕೆಂಚು ಬಣ್ಣದ ಮರಿ ಅದು. ಮಂಡಿಗೆ ರಜೆ ಬಂತೆಂದರೆ ಚಿತ್ತಯ್ಯ ಅದಕ್ಕೆ ಸ್ನಾನ ಮಾಡಿಸಲು ಕೂರುತ್ತಿದ್ದ. ಕೇರಿಯವರಿಗೆ ಅದೊಂದು ಪುಕ್ಕಟೆ ನಾಟಕ. ಬೋರಕ್ಕನಿಗೆ ಮಾತ್ರ ಹೊಟ್ಟೆಯುರಿ.

ಉರಿಯದೆ ಏನು ಮಾಡೀತು? ಹಂಡೆಯ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುವನು. ಕತ್ತಿನಿಂದ ಹಿಂದಕ್ಕೆ ಮಾತ್ರ ಹುಯ್ಯುವನು. ನೆತ್ತಿ ತೋಯಿಸಬೇಕಾದರೆ, ಬಾಣಂತಿ ಮನೆಯಲ್ಲಿ ಕೂಸಿಗೆ ಎರೆಯುವ ಮುದುಕಿಯರ ಹಾಗೆ ಹಣೆಗೆ ಅಂಗೈ ಅಡ್ಡ ಹಿಡಿಯುವನು. ಒಂದು ಹನಿ ಕಣ್ಣಿಗೆ ಇಳಿಯುವಂತಿಲ್ಲ. ಸೀಗೇಪುಡಿಯಾಗಲಿ ಸೋಪಾಗಲಿ ಮುಖದ ಹತ್ತಿರ ಬರುವಂತಿಲ್ಲ. ಬೋರಕ್ಕನ ಹಳೇ ಸೀರೆಯಲ್ಲಿ ಹರಿದಿಟ್ಟುಕೊಂಡ ಮೆತ್ತನೆ ತುಂಡೊಂದಿತ್ತು. ಅದನ್ನು ಬರೀ ನೀರಲ್ಲಿ ಅದ್ದಿ, ಹಿಂಡಿ, ಮೂಗಿನ ಕಡೆಯಿಂದ ಹೊರಕ್ಕೆ ಒಂದು ಕಣ್ಣು ಒರೆಸುವನು. ಆಮೇಲೆ ಮಡಿಕೆ ತಿರುವಿ, ಹೊಸ ಮಗ್ಗುಲಿನಿಂದ ಇನ್ನೊಂದು ಕಣ್ಣು. ಕಿವಿಯನ್ನು ಹೊರಗಡೆ ಅಷ್ಟೇ, ಒಳಕ್ಕೆ ಬೆರಳು ತೂರಿಸುವಂತಿಲ್ಲ. ಕೊನೆಗೆ ತುಟಿಯ ಸಂದಿ, ಗದ್ದ. ಬಟ್ಟೆ ಕಂಡ ಕೂಡಲೇ ಕೆಂಚ ಬಂದು ಎದುರಿಗೆ ಕೂತು, ಎರಡೂ ಕಣ್ಣು ಮುಚ್ಚಿ, ಮುಖ ಮೇಲಕ್ಕೆತ್ತುತ್ತಿತ್ತು. ದುರ್ಗದ ಪಾಳೇಗಾರನೇ ಬಂದು ಕೂತ ಹಾಗೆ!

"ಅಲ್ಲಾ, ಈ ಮನೆಗೆ ಬಂದು ನನ್ನ ಕೂದ್ಲು ನೆರೆತು ಹೋತು," ಎಂದಿದ್ದಳು ಬೋರಕ್ಕ ಒಮ್ಮೆ, ತಡೆಯಲಾರದೆ. "ಒಂದಿನನಾದ್ರೂ ನನ್ನ ಮುಖ ಹಿಂಗೆ ಒರೆಸಿದೀಯಾ ನೀನು?"

ಚಿತ್ತಯ್ಯ ತಲೆ ಎತ್ತದೆಯೇ ನಕ್ಕಿದ್ದ. "ನಿಂಗೆ ಕೈ ಅವೆ ಕಣೇ. ಇದಕ್ಕೆಲ್ಲಿ ಅವೆ?"

ಅವಳು ಅವತ್ತು ಅವನಿಗೆ ಬಡಿಸುವಾಗ ಪಾತ್ರೆ ಕುಕ್ಕಿದ್ದಳು.

ಹೋದ ವರ್ಷದ ಯುಗಾದಿಗೆ ದೊಡ್ಡತಿಮ್ಮಪ್ಪ ಹೊಸದುರ್ಗದಿಂದ ಬಂದಿದ್ದ. ಚಿತ್ತಯ್ಯ ಬೇವಿನ ಸೊಪ್ಪು ತರಲು ಹೋಗಿದ್ದಾಗ, "ನಾಯಿ ತೊಳೆಯೋಕೆ ಇಷ್ಟೊತ್ತು ಬೇಕಾ, ನೋಡಿಲ್ಲಿ," ಎಂದು ಗಟ್ಟಿ ಸೀಗೇಕಾಯಿ ನೀರನ್ನು ಕೆಂಚನ ಮೋರೆಗೇ ಸುರಿದುಬಿಟ್ಟ. ನಾಯಿ ಕಿರುಚಿಕೊಂಡು ಮುಖವನ್ನು ನೆಲಕ್ಕೆ, ಕಲ್ಲಿಗೆ, ಬೇಲಿಯ ಮುಳ್ಳಿಗೆ ಉಜ್ಜಿಕೊಂಡಿತು. "ನಾಯಿ ಕಣ್ಣಿಗೆ ಎಂಥ ಉರಿ?" ಎಂದು ನಕ್ಕಿದ್ದ ಆಗ. ಎಡಗಣ್ಣು ಕೆಂಪಾಗಿ, ಊದಿ, ಕೊನೆಗೆ ಬೆಳ್ಳಗೆ ಪೊರೆ ಕಟ್ಟಿತು. ಬೀದಿನಾಯಿ ಕಚ್ಚಿತು ಅಂತ ಆತ ಊರಿಗೆಲ್ಲ ಹೇಳಿದ. ಚಿತ್ತಯ್ಯ ಅಣ್ಣನಿಗೆ ಎದುರಾಡಿದವನಲ್ಲ. ಬಾಯಿ ತೆರೆಯಲು ಹೋದ ಹೆಂಡತಿಯನ್ನೂ, "ಬಿಡೇ, ಹಿರಿಯ," ಎಂದು ಸುಮ್ಮನಾಗಿಸಿದ್ದ.

*

"ಎಂಥ ಉರಿ ಅಂತೀಯಾ?" ಎಂದಳು ಬೋರಕ್ಕ. ಏಕವಚನ ಕೇಳಿ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು. "ಯುಗಾದಿ ದಿನಾನೂ ಹಿಂಗೇ ಅಂದೆ. ಆ ಮೂಕಪ್ರಾಣಿ ಕಣ್ಣು ತೆಗೆದೆ. ತೆಗೆದಿದ್ದಲ್ದೆ ಸುಳ್ಳು ಬೇರೆ ಹೇಳ್ದೆ! ಈತ ನುಂಗ್ಕೊಂಡ, ನಂಗೂ ನುಂಗ್ಸಿದ. ಈಗ ನನ್ನ ಬಾಯಿ ಮುಚ್ಸೋಕೆ ಈತ ಇಲ್ಲ ಕಣೋ!"

"ಸಾವಿನ ಮನೆಯಾಗೆ ನಾಯಿ ಪುರಾಣ ತೆಗೀತಾಳೆ ನೋಡ್ರಪ್ಪಾ," ಎಂದ ದೊಡ್ಡತಿಮ್ಮಪ್ಪ ಜನರ ಕಡೆ ತಿರುಗಿ.

ಕೇರಿಗೆ ಹಿರಿಯಳಾದ ದುರುಗಕ್ಕ ಬಂದು ಬೋರಕ್ಕನ ರಟ್ಟೆ ಹಿಡಿದಳು. "ಗಂಡನ ಹೆಣಕ್ಕೆ ಹೆಂಡ್ತಿ ಎರೆಯೋದು ನಮ್ಮಲ್ಲಿಲ್ಲ ಕಣೇ ತಾಯಿ. ಈಚೆ ಬಾ."

"ಇಲ್ದಿದ್ರೆ ಇಲ್ಲ! ಆತನ ಮುಖ ಯಾರು ಒರೆಸ್ತೀರಿ ನೆಟ್ಟಗೆ? ಆತನೇ ಒರೆಸ್ಕೊಂತಾನಾ? ಆತನಿಗೀಗ ಕೈ ಇಲ್ಲ ಕಣ್ರೀ!"

ಪಕ್ಕದ ಮನೆಯ ಅಮೀನಾ ಬೀ ಅಷ್ಟರಲ್ಲಿ ತನ್ನ ಒಲೆಯ ಮೇಲಿದ್ದ ನೀರನ್ನೇ ತಂದು ಇಟ್ಟಳು.

"ತಗೋ ಬೋರಕ್ಕ, ಬರೀ ನೀರು. ಬಿಸಿ ನೋಡೀನಿ. ನಮ್ಮಲ್ಲೂ ಹೋದೋರ ಮಯ್ಯತ್‌ಗೆ ಮೆಲ್ಲಕೇ ತೊಳೀತಾರೆ, ನೋವಾಗಬಾರ್ದು ಅಂತ."

ಬೋರಕ್ಕ ಹಿತ್ತಲಿಗೆ ಹೋದಳು. ತಂತಿಯ ಮೇಲೆ ಒಣಗಿದ್ದ ಬಟ್ಟೆ ತುಂಡನ್ನು ಎಳೆದುಕೊಂಡಳು. ಗೂಟದ ಹಗ್ಗವನ್ನೂ ಬಿಚ್ಚಿದಳು.

"ಅಯ್ಯೋ ಶಿವನೇ, ನಾಯಿ ಒರೆಸೋ ಬಟ್ಟೆ!" ಎಂದರು ಯಾರೋ.

"ನಾಯಿದಲ್ಲ. ನನ್ನ ಸೀರೇದು."

ಹಿಂದೆಯೇ ಬಂದ ಕೆಂಚನನ್ನು ಕಂಡು ದೊಡ್ಡತಿಮ್ಮಪ್ಪ ದೊಣ್ಣೆಗೆ ಕೈಹಾಕಿದ. "ಮುಟ್ಟಿ ನೋಡು," ಎಂದಳು ಬೋರಕ್ಕ, ಅವನ ಕಡೆ ನೋಡದೆಯೇ. ದೊಣ್ಣೆ ಮೇಲೇಳಲಿಲ್ಲ.

ಅವಳು ಗಂಡನ ಹಣೆಗೆ ಅಂಗೈ ಅಡ್ಡ ಹಿಡಿದಳು. ಯಾರೂ ಹೇಳದಿದ್ದರೂ ದುರುಗಕ್ಕನೇ ಚೊಂಬು ಎತ್ತಿ ನೆತ್ತಿಯ ಮೇಲೆ ಸಣ್ಣಗೆ ನೀರು ಬಿಟ್ಟಳು. ರಾಡಿಯೆಲ್ಲ ಬೋರಕ್ಕನ ಕೈಗೆ ತಾಕಿ ಕಿವಿಯ ಪಕ್ಕ ಇಳಿದುಹೋಯಿತು. ಬಟ್ಟೆ ಅದ್ದಿ ಹಿಂಡಿ, ಮೂಗಿನ ಕಡೆಯಿಂದ ಹೊರಕ್ಕೆ ಒಂದು ಕಣ್ಣು ಒರೆಸಿದಳು. ರೆಪ್ಪೆ ಮುಚ್ಚಿಕೊಂಡಿತು. ಮಡಿಕೆ ತಿರುವಿ ಇನ್ನೊಂದು ಕಣ್ಣು. ಆಮೇಲೆ ತುಟಿಯ ಸಂದಿ, ಗದ್ದ.

"ಆಯ್ತೇನಮ್ಮ? ಎತ್ತಾಣ?" ಎಂದ ದೊಡ್ಡತಿಮ್ಮಪ್ಪ.

ಬೋರಕ್ಕ ಏಳಲಿಲ್ಲ. ಕೆಂಚ ಅವಳೆದುರಿಗೆ ಬಂದು ಕೂತು, ಪೊರೆ ಕಟ್ಟಿದ ಕಣ್ಣನ್ನೂ ನೆಟ್ಟಗಿದ್ದ ಕಣ್ಣನ್ನೂ ಮುಚ್ಚಿ, ಮುಖ ಮೇಲಕ್ಕೆತ್ತಿತ್ತು. ಅವಳು ಬಟ್ಟೆಯನ್ನು ಇನ್ನೊಮ್ಮೆ ನೀರಿಗೆ ಅದ್ದಿದಳು, ಹಿಂಡಿದಳು, ಹೊಸ ಮಗ್ಗುಲಿಗೆ ಮಡಿಕೆ ತಿರುವಿದಳು.