ನಾಲ್ಕನೆಯ ಹಿಡಿಕೆ

ಹೊಲಿಯುತ್ತಿದ್ದ ತೊಗಲಿನ ಹಿಡಿಕೆಯನ್ನು ಮೇಜಿನ ಮೇಲಿಡಲು ಹೋದ. ಅದು ಕೈ ಬಿಡಲಿಲ್ಲ.

ಅಂಟು ಇರಬೇಕು ಎಂದುಕೊಂಡು ಮೆಲ್ಲಗೆ ಎಳೆದ. ಎಡಗೈ ತೋರುಬೆರಳ ತುದಿಯ ಚರ್ಮ ಹಿಡಿಕೆಯ ಜೊತೆಗೇ ಮೇಲೆದ್ದಿತು. ಕನ್ನಡಕ ಸರಿಮಾಡಿಕೊಂಡು ನೋಡಿದ. ದಾರ ತೊಗಲಿನಿಂದ ಹೊರಟು, ಬೆರಳ ತುದಿಯನ್ನು ಹೊಕ್ಕು, ಮತ್ತೆ ತೊಗಲಿಗೆ ಇಳಿದಿತ್ತು. ಅವನು ತನ್ನನ್ನೇ ಹಿಡಿಕೆಗೆ ಹೊಲಿದುಕೊಂಡಿದ್ದ. ಅದಾದ ಮೇಲೆ ಇನ್ನೊಂದು ಹೊಲಿಗೆಯನ್ನೂ ಹಾಕಿ ಬಿಗಿದಿದ್ದ.

ನೋವಿರಲಿಲ್ಲ.

ಮೊದಲು ನೆನಪಾದದ್ದು ಬೆರಳಲ್ಲ, ದಾರ. ಇಡೀ ಹಿಡಿಕೆಗೆ ಒಂದೇ ದಾರ. ಅದರ ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಎದುರುಬದುರಾಗಿ ಹಾದುಹೋಗಬೇಕು. ನಡುವೆ ಕತ್ತರಿಸಿದರೆ ಎಲ್ಲ ಬಿಚ್ಚಿ ಮೊದಲಿನಿಂದ ಹೊಲಿಯಬೇಕು. ಗಂಟು ಹಾಕಿದರೆ ಕಾರಿನಲ್ಲಿ ಕೂತವರ ಬೆರಳಿಗೆ ಅದು ಒತ್ತುತ್ತದೆ. ಸಂಜೆ ಗಿರಾಕಿ ಬರುತ್ತಾರೆ.

ತೊಗಲು ಸವರುವ ಚಾಕು ತೆಗೆದುಕೊಂಡ. ದಾರ ಉಳಿಸಿ, ಬೆರಳ ಚರ್ಮವನ್ನು ಕತ್ತರಿಸಿದ.

ಅದಕ್ಕೂ ನೋವಾಗಲಿಲ್ಲ. ಸಾವಕಾಶವಾಗಿ ಒಂದು ಹನಿ ರಕ್ತ ಬಂತು, ಕರೆಯದ ಮನೆಗೆ ಬಂದ ನೆಂಟನ ಹಾಗೆ. ಸಿಪ್ಪೆಯಷ್ಟು ಚರ್ಮ ಹೊಲಿಗೆಯ ಅಡಿಯಲ್ಲೇ ಉಳಿಯಿತು. ಅದನ್ನು ಕೀಳಲು ನೋಡಿದ. ದಾರ ಸಡಿಲವಾಗುತ್ತದೆಂದು ಬಿಟ್ಟ.

ಮನೆಯ ಕೆಳಗಿನ ಶೆಡ್ಡಿನ ನಡುವೆ ಹಲ್ಲಿನ ಡಾಕ್ಟರ ಕಾರು ನಿಂತಿತ್ತು. ಅವನಿಗಿಂತ ಹಿರಿಯ ಕಾರು. ಬಣ್ಣ ಹೊಸದು, ಇಂಜಿನ್ನು ಬಿಚ್ಚಿ ಜೋಡಿಸಿದ್ದು, ಬಾಗಿಲುಗಳ ಸುತ್ತ ರಬ್ಬರ್ ಹೊಸದು. ಬಾಗಿಲನ್ನು ಒಳಗಿನಿಂದ ಎಳೆದುಕೊಳ್ಳುವ ನಾಲ್ಕು ತೊಗಲಿನ ಹಿಡಿಕೆಗಳು ಮಾತ್ರ ಯಾವ ಅಂಗಡಿಯಲ್ಲೂ ಸಿಗದೆ ಇವನ ಪಾಲಿಗೆ ಬಂದಿದ್ದವು. ಉಕ್ಕಿನ ಪಟ್ಟಿಗೆ ಉಣ್ಣೆ ಸುತ್ತಿ, ನೆನೆಸಿದ ತೊಗಲನ್ನು ಅದರ ಮೇಲೆ ಎಳೆದು, ಒಣಗುವವರೆಗೆ ಬೆರಳಿನಿಂದ ತೀಡುತ್ತಾ ಕೂರಬೇಕು. ಮೂರು ಕೂರಿಸಿಯಾಗಿತ್ತು. ಇದು ಹಿಂದಿನ ಬಲಬಾಗಿಲಿನದು.

ಸೂಜಿಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಚುಚ್ಚಿ ನೋಡಿದ. ಯಾವುದೂ ಮಾತಾಡಲಿಲ್ಲ. ಬಲಗೈ ಹೆಬ್ಬೆರಳಿಗೆ ಚುಚ್ಚಿದಾಗ ಚುರುಕ್ ಎಂದಿತು. ನೋವಿಗಾಗಿ ಇಷ್ಟು ಸಂತೋಷಪಟ್ಟವನು ಊರಿನಲ್ಲಿ ಇನ್ನೊಬ್ಬ ಇರಲಾರ ಎಂದುಕೊಂಡ. ನಗು ಬರಲಿಲ್ಲ.

ಓದಿದವನಿಗೆ ರೋಗಗಳ ಹೆಸರಿಗೆ ಬರವೇ? ಒಂದರ ಹಿಂದೆ ಒಂದು ಸಾಲುಗಟ್ಟಿ ಬಂದವು. ಸಕ್ಕರೆ ಕಾಯಿಲೆಯಾದರೂ ಆಗಿರಲಿ ಎಂದು ಬೇಡಿಕೊಂಡ. ಯಾರನ್ನು ಬೇಡಿಕೊಂಡೆನೆಂದು ತಿಳಿಯದೆ ನಾಚಿಕೆಯಾಯಿತು. ಅಂಥದ್ದನ್ನೆಲ್ಲ ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದಾಗಲೇ ಬಿಟ್ಟಿದ್ದ.

ಆಮೇಲೆ ತರ್ಕಶಾಸ್ತ್ರವನ್ನೂ ಬಿಟ್ಟ. ಎಲ್ಲ ಮನುಷ್ಯರೂ ಸಾಯುವವರು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಒಂದು ದಿನ, ಆ ವಾಕ್ಯವಾಗಲಿ ಹಿಂದೆ ಕೂತ ಹುಡುಗರಾಗಲಿ ತಾನಾಗಲಿ ನಿಜವೆನಿಸಲಿಲ್ಲ. ಬೆರಳ ನಡುವಿನ ಸೀಮೆಸುಣ್ಣ ಮಾತ್ರ ನಿಜವೆನಿಸಿತು. "ಕೈಗೆ ಸಿಕ್ಕಿದ್ದೇ ನಿಜ, ಮಿಕ್ಕಿದ್ದೆಲ್ಲ ಬಾಯಿಮಾತು" ಎಂದು ಹೇಳಿ ಕೆಲಸ ಬಿಟ್ಟು ಬಂದು ತೊಗಲು ಹೊಲಿಯಲು ಕೂತ. "ಹಾಗಾದ್ರೆ ನಾನು?" ಎಂದು ಹೆಂಡತಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ ಎಂದು ವಿದ್ಯಾರ್ಥಿಗೆ ಹೇಳುವಂತೆ ಹೇಳಿ ನಕ್ಕುಬಿಟ್ಟಿದ್ದ.

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡ.

"ಏನಾಯ್ತು ರೀ?" ಕಾಫಿ ಲೋಟ ಇಟ್ಟು ಕೇಳಿದಳು.

"ಸೂಜಿ."

"ನೋವಿದ್ಯಾ?"

"ಹ್ಞೂ. ತುಂಬಾ."

"ಕೊಡಿ ಇಲ್ಲಿ." ಬಟ್ಟೆ ಬಿಚ್ಚಿ ನೋಡಿದಳು. "ಇದು ಸೂಜಿ ಥರ ಇಲ್ವಲ್ಲ."

"ಸೂಜೀನೇ. ಆಮೇಲೆ ಚಾಕು."

ಅವಳು ಮೇಲೆ ಹೋಗಿ ಹತ್ತಿಯನ್ನೂ ಟಿಂಚರ್ ಬಾಟಲಿಯನ್ನೂ ತಂದಳು. "ಉರಿಯುತ್ತೆ, ತಡ್ಕೊಳ್ಳಿ" ಎಂದಳು. ಯಾವಾಗ ಕೂಗಬೇಕೆಂದು ಅವನು ಕಣ್ಣಲ್ಲಿ ಕಣ್ಣಿಟ್ಟು ಹತ್ತಿಯನ್ನೇ ಕಾಯುತ್ತಿದ್ದ. ಅದು ಹತ್ತಿರ ಬಂತು.

"ಅಯ್ಯೋ!"

ಅವಳ ಕೈ ನಿಂತಿತು. "ಇನ್ನೂ ಹಚ್ಚೇ ಇಲ್ಲ."

"ಹೆದರಿಕೆಗೆ."

"ಒಳ್ಳೆ ಚಿಕ್ಕಮಕ್ಕಳ ಥರ." ನಕ್ಕಳು. ನಗುತ್ತಲೇ ಹತ್ತಿಯನ್ನು ಗಾಯಕ್ಕೆ ಒತ್ತಿದಳು. ಕೂಗಬೇಕಾದ ಸಮಯ ಅದು. ಅವಳು ನಕ್ಕದ್ದನ್ನು ನೋಡುತ್ತಾ ಅವನು ಮರೆತುಬಿಟ್ಟ. ನೆನಪಾಗುವ ಹೊತ್ತಿಗೆ ಅವಳು ನಗುವುದನ್ನು ನಿಲ್ಲಿಸಿದ್ದಳು.

ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವನು ತಲೆ ತಗ್ಗಿಸಿದಾಗ ಅವಳ ಕೈ ತನ್ನ ಎಡಗೈಯ ಮೇಲಿರುವುದು ಕಾಣಿಸಿತು. ಯಾವಾಗಿನಿಂದ ಇತ್ತೋ. ಅವಳ ಬೆರಳುಗಳು ಸಣ್ಣಗೆ ಒತ್ತುತ್ತಿದ್ದವು, ಒಂದು ಕ್ಷಣ ನಿಂತು ಮತ್ತೆ ಒತ್ತುತ್ತಿದ್ದವು. ಪಕ್ಕದ ಮನೆಯವರ ಕೈಯನ್ನು ಕಿಟಕಿಯಿಂದ ನೋಡಿದ ಹಾಗೆ ನೋಡಿದ. ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಅದು ನಿಜವಾಗುತ್ತದೆ ಎಂದು ಹೆದರಿದ.

"ಕಾಫಿಗೆ ಸಕ್ಕರೆ ಕಮ್ಮಿ" ಎಂದ.

"ನೀವಿನ್ನೂ ಕುಡ್ದೇ ಇಲ್ಲ" ಎಂದು ಹೇಳಿ ಅವಳು ಮೇಲೆ ಹೋದಳು.

ಹಿಡಿಕೆಯನ್ನು ಮುಗಿಸಿದ. ಕಣ್ಣಿನಿಂದಲೇ ಮುಗಿಸಿದ, ಎಡಗೈ ಎಲ್ಲಿದೆಯೆಂದು ಪ್ರತಿ ಹೊಲಿಗೆಗೂ ನೋಡಿಕೊಳ್ಳಬೇಕಾಯಿತು. ಊಟದ ಹೊತ್ತಿಗೆ ಅಂಗೈ ಹೋಗಿತ್ತು. ಕೈ ತೊಳೆಯುವಾಗ ನೀರು ಬೀಳುವುದು ಕಾಣಿಸಿತು, ಅಷ್ಟೇ. ಬಿಸಿಲು ಇಳಿಯುವ ಹೊತ್ತಿಗೆ ಚುಚ್ಚಿ ನೋಡುವ ಸೂಜಿ ಮಣಿಕಟ್ಟಿನವರೆಗೂ ಹೋಯಿತು, ಯಾರೂ ತಡೆಯಲಿಲ್ಲ. ಭಯ ಮಾತ್ರ ಎಲ್ಲೂ ಮರಗಟ್ಟಿರಲಿಲ್ಲ.

"ಮೇಷ್ಟ್ರೇ! ನಮ್ಮ ಮದುಮಗಳು ರೆಡಿನಾ?"

ಹಲ್ಲಿನ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಕೆಲಸದಿಂದ ನಿವೃತ್ತರಾಗಿದ್ದರು, ಮಾತಿನಿಂದ ಆಗಿರಲಿಲ್ಲ. ಎಷ್ಟೋ ವರ್ಷ ಜನರ ಬಾಯಲ್ಲಿ ಬಟ್ಟೆ ತುರುಕಿ ಒಬ್ಬರೇ ಮಾತಾಡಿದ ಅಭ್ಯಾಸ.

ಅವನು ಹಿಡಿಕೆಯನ್ನು ಬಾಗಿಲಿಗಿಟ್ಟು ಬಲಗೈಯಿಂದ ಸ್ಕ್ರೂ ಬಿಗಿದ. ಡಾಕ್ಟರು ಬಾಗಿ, ಹೊಲಿಗೆಯುದ್ದಕ್ಕೂ ಹೆಬ್ಬೆರಳು ಎಳೆದರು. ಒಂದು ಕಡೆ ಹೆಬ್ಬೆರಳು ನಿಂತಿತು. ಚರ್ಮ ಉಳಿದಿದ್ದ ಜಾಗ.

"ಆಹಾ, ಜೀವ ಇದೆ ಇದ್ರಲ್ಲಿ" ಎಂದರು. ಆಮೇಲೆ ಅವನ ಬೆರಳು ನೋಡಿದರು. "ಗಾಯ ಮಾಡ್ಕೊಂಡ್ರಾ? ನನ್ಹತ್ರ ಬಂದಿದ್ರೆ ಒಂದು ಇಂಜೆಕ್ಷನ್ ಕೊಟ್ಟುಬಿಡ್ತಿದ್ದೆ. ಮರಗಟ್ಸೋದೇ ನನ್ನ ಕಸುಬು. ಒಬ್ಬ ಇದ್ದ, ಹಲ್ಲು ಕೀಳಿಸ್ಕೊಂಡು ಸೀದಾ ಮನೆಗೆ ಹೋಗಿ ಊಟಕ್ಕೆ ಕೂತ. ತುಟೀನೇ ಅಗಿದುಬಿಟ್ಟಿದ್ದಾನೆ! ರುಚಿಯಾಗಿದೆ ಅಂದ್ನಂತೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಎಡಗೈಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಅದು... ಯಾವಾಗ ಬಿಡುತ್ತೆ?"

"ಯಾವುದು?"

"ಮರಗಟ್ಟಿದ್ದು."

"ಒಂದೆರಡು ಗಂಟೆ. ಬಿಡ್ಲಿಲ್ಲ ಅಂದ್ರೆ ಅದು ನನ್ನ ಮದ್ದಲ್ಲ ಬಿಡಿ!" ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ.

ನಗು ಕೇಳಿ ಹೆಂಡತಿ ಕೆಳಗೆ ಬಂದಳು. "ನೋಡಮ್ಮಾ, ನಿಮ್ಮ ಯಜಮಾನ್ರ ಕೈಚಳಕ" ಎಂದರು ಡಾಕ್ಟರು. ಅವಳು ಹಿಡಿಕೆಯನ್ನು ನೋಡಲಿಲ್ಲ. ಅವನು ಕೈ ಎಲ್ಲಿಟ್ಟುಕೊಂಡಿದ್ದಾನೆ ಎಂದು ನೋಡಿದಳು.

"ಮೇಷ್ಟ್ರೇ, ಕೂತ್ಕೊಂಡು ಒಂದ್ಸಲ ಹಾಕ್ಕೊಳ್ಳಿ ಬಾಗ್ಲು. ಬೋಣಿ ನಿಮ್ಮದೇ ಆಗ್ಲಿ. ಮೆತ್ತಗೆ ಎಳೆದ್ರೆ ಕೂರಲ್ಲ, ಹಳೇ ಗಾಡಿ. ಜೋರಾಗಿ ಎಳೀರಿ."

ಇದೊಂದು ಪರೀಕ್ಷೆ ಎಂದು ಅವನಿಗೆ ತಿಳಿಯಿತು. ಡಾಕ್ಟರದಲ್ಲ, ಅವಳದು. ಕೈ ಸರಿಯಾಗಿದೆಯೆಂದು ತೋರಿಸಿದರೆ ಮುಗಿಯಿತು. ನಾಳೆಯ ಮಾತು ನಾಳೆಗೆ. ಹಿಂದಿನ ಸೀಟಿನ ಅಂಚಿಗೆ, ಕಾಲು ಹೊರಗೆ ಬಿಟ್ಟು ಕೂತ. ಎಡಗೈಯಿಂದ ಎರಡು ಬಾಗಿಲುಗಳ ನಡುವಿನ ಕಂಬ ಹಿಡಿದು ಒಳಕ್ಕೆ ತಿರುಗಿದ. ಬಲಗೈ ಹಿಡಿಕೆಗೆ ಹೋಯಿತು.

ಬಲಗೈಯನ್ನು ನೆಟ್ಟ ನೋಟದಿಂದ ನೋಡಿದ. ಬೆರಳುಗಳು ಹಿಡಿಕೆಯನ್ನು ಸುತ್ತಿದವು. ತೊಗಲು ತಿಳಿಯಿತು. ಹೊಲಿಗೆಯ ಏರಿಳಿತ ತಿಳಿಯಿತು. ಹೆಬ್ಬೆರಳ ಕೆಳಗೆ ಆ ಸಣ್ಣ ಉಬ್ಬೂ ತಿಳಿಯಿತು. ಇದೊಂದು ಇದೆಯಲ್ಲ, ಸಾಕು, ಇದೊಂದರಲ್ಲಿ ಬದುಕಬಹುದು ಎಂದುಕೊಂಡ. ಕಣ್ಣು ತುಂಬಿತು. ಮೈಯ ಭಾರವೆಲ್ಲ ಬಿಟ್ಟು ಎಳೆದ.

ಉಳಿದ ಮೂರು ಬಾಗಿಲುಗಳ ಹಾಗೆ ಅದು ಠಕ್ ಎನ್ನಲಿಲ್ಲ, ಮೆತ್ತಗೆ ಕೂತಿತು. ಹೊಸ ರಬ್ಬರ್ ಇರಬೇಕು ಎಂದುಕೊಂಡ.

ಒಳಗೆ ಬಹಳ ನಿಶ್ಶಬ್ದವಾಗಿತ್ತು. ಗಾಜಿನಾಚೆ ಹೆಂಡತಿ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡಿದ್ದಳು. ಅವಳ ಬಾಯಿ ದೊಡ್ಡದಾಗಿ ತೆರೆದಿತ್ತು. ಡಾಕ್ಟರು ಓಡಿ ಬಂದು ಗಾಜು ಬಡಿದರು. ಅವರ ಮುಖದಲ್ಲಿ ನಗುವಿರಲಿಲ್ಲ, ಏನೋ ಕೂಗುತ್ತಿದ್ದರು. ಗುಸುಗುಸು ಎಂದಷ್ಟೇ ಕೇಳಿಸಿತು. ಅವಳು ತನ್ನನ್ನು ಇಷ್ಟು ಕಣ್ಣುಬಿಟ್ಟು ನೋಡಿ ಎಷ್ಟು ಕಾಲವಾಯಿತು ಎಂದುಕೊಂಡ. ಅವಳಿಗೆ ಧೈರ್ಯ ಹೇಳಬೇಕೆನಿಸಿತು. ಮುಗುಳ್ನಕ್ಕು ಎಡಗೈ ಬೀಸಲು ಹೋದ.

ಎಡಗೈ ಬರಲಿಲ್ಲ.

ಇನ್ನೊಮ್ಮೆ ಕರೆದ. ಬರಲಿಲ್ಲ. ಅದು ಎಲ್ಲಿದೆಯೆಂದು ಗೊತ್ತಾಗಬೇಕಾದರೆ ಕುತ್ತಿಗೆ ತಿರುಗಿಸಿ ಕಂಬದ ಕಡೆ ನೋಡಿದರೆ ಸಾಕಿತ್ತು. ನೋಡಲಿಲ್ಲ. ಹೊರಗೆ ಹೆಂಡತಿಯೂ ಡಾಕ್ಟರೂ ಸೇರಿ ಬಾಗಿಲನ್ನು ತಮ್ಮ ಕಡೆಗೆ ಎಳೆಯುತ್ತಿದ್ದರು, ಕಾರು ಸಣ್ಣಗೆ ಅಲುಗುತ್ತಿತ್ತು. ಬಾಗಿಲು ತೆರೆದರೆ ಆ ಕೂಗೆಲ್ಲ ಒಳಗೆ ಬರುತ್ತದೆ. ಅವನು ಬಲಗೈಯಿಂದ ಹಿಡಿಕೆಯನ್ನು ಇನ್ನೂ ಬಿಗಿಯಾಗಿ ಹಿಡಿದು, ಕಾಲನ್ನು ಮುಂದಿನ ಸೀಟಿಗೆ ಒತ್ತಿಕೊಂಡು, ಒಳಕ್ಕೆ ಎಳೆಯತೊಡಗಿದ. ಹೊಲಿಗೆ ಬಿಡಲಿಲ್ಲ.