ಕಣ್ಣು ಮುಚ್ಚಿ ಆರಿಸಿದ ಲ್ಯಾಪ್‌ಟಾಪ್

ಸೋಮವಾರ ಪ್ರಬಂಧ ಒಪ್ಪಿಸಬೇಕು, ಶುಕ್ರವಾರ ಲ್ಯಾಪ್‌ಟಾಪ್ ಕೆಟ್ಟು ಕೂತಿತು. ಗ್ರಹಚಾರ ಅಂದರೆ ಇದೇ ತಾನೇ! ಪುಣ್ಯಕ್ಕೆ ಬರೆದದ್ದೆಲ್ಲ ಪೆನ್‌ಡ್ರೈವಿನಲ್ಲಿ ಕ್ಷೇಮವಾಗಿತ್ತು. ಬರೆಯದೆ ಉಳಿದದ್ದು ಕೊನೆಯ ಪುಟ ಒಂದೇ. ಮೂರು ತಿಂಗಳಿಂದ ಅದರ ಮುಂದೆ ಕೂತು ತಂಗಿಗೆ ಸಾಕುಸಾಕಾಗಿತ್ತು.

ಅಕ್ಕತಂಗಿ ಇಬ್ಬರೂ ಇಪ್ಪತ್ತು ವರ್ಷ ಕಾಲೇಜಿನ ಎದುರು ಟೈಪಿಂಗ್ ಅಂಗಡಿ ನಡೆಸಿದವರು. ಅಕ್ಕ ಹಸ್ತಪ್ರತಿ ಓದಿ ಹೇಳುವುದು, ತಂಗಿ ಕುಟ್ಟುವುದು. ಹಾಗೆ ಡಾಕ್ಟರೇಟ್ ಪಡೆದ ಮಹಾನುಭಾವರಲ್ಲಿ ಅರ್ಧ ಜನಕ್ಕೆ ತಮ್ಮ ಪ್ರಬಂಧದಲ್ಲಿ ಏನಿದೆ ಅಂತ ತಂಗಿಗೆ ಗೊತ್ತಿದ್ದಷ್ಟೂ ಗೊತ್ತಿರಲಿಲ್ಲ, ಆ ಮಾತು ಬಿಡಿ. ಅಂಗಡಿ ಮುಚ್ಚಿದ ಮೇಲೆ ತಂಗಿ ತಾನೇ ಒಂದು ಪ್ರಬಂಧಕ್ಕೆ ಕೈ ಹಾಕಿದಳು. ವಿಷಯ, ಬೇರೆಯವರ ಬರಹ ನಕಲು ಮಾಡುವ ಹೆಂಗಸರು.

ಶನಿವಾರ ಬೆಳಿಗ್ಗೆ ಇಬ್ಬರೂ ಹಳೇ ಲ್ಯಾಪ್‌ಟಾಪ್ ಮಾರುವ ಅಂಗಡಿಗೆ ಹೋದರು.

"ಏನಕ್ಕೆ ಬೇಕು ಮೇಡಂ?"

"ಬರೆಯೋಕೆ."

"ಬರೆಯೋಕೆ ಯಾವುದಾದ್ರೂ ಆಗತ್ತೆ."

ಇವನ ತಲೆ! ಒಂದರ ಕೀಲಿಗಳು ಕೆಸರಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ. ಇನ್ನೊಂದರಲ್ಲಿ ಅಡಿಟಿಪ್ಪಣಿ ಓದಲು ಭೂತಗನ್ನಡಿ ಬೇಕು. ಕೈಗೆ ಒಗ್ಗಿದ್ದು ಕೈಗೆಟುಕದು, ಕೈಗೆಟುಕಿದ್ದು ಕೈಗೆ ಒಗ್ಗದು. ತಪ್ಪು ಆರಿಸಿದರೆ ಇನ್ನೊಂದು ಕೊಳ್ಳುವ ಶಕ್ತಿಯಿಲ್ಲ, ಸಮಯವೂ ಇಲ್ಲ.

ಕೆಳಗಿನ ಹಲಗೆಯಲ್ಲಿ ಮುಚ್ಚಳ ಗೀಚಿಹೋದ ದಪ್ಪ ಕಪ್ಪು ಯಂತ್ರವೊಂದಿತ್ತು, ಬೆಲೆ ಅರ್ಧ.

"ಒಳ್ಳೇ ಹಂಡೆ ಇದ್ದ ಹಾಗಿದೆ," ಅಂದಳು ಅಕ್ಕ.

ಅಂಗಡಿಯವನು ಅದನ್ನು ಆನ್ ಮಾಡಿ ಖಾಲಿ ಪುಟ ತೆರೆದುಕೊಟ್ಟ. ತಂಗಿ ಬೆರಳಿಟ್ಟಳು. ಟಕ್ ಟಕ್! ಅಬ್ಬಾ, ಹಳೇ ಕಾಲದ ಕೀಲಿ. ಕೆಲಸದ ಅಭ್ಯಾಸಕ್ಕೆ ಅವಳು ಯಾವತ್ತೂ ಯಂತ್ರ ನೋಡಿದವಳಲ್ಲ, ಕಣ್ಣು ಅಕ್ಕನ ಕೈಲಿದ್ದ ಹಸ್ತಪ್ರತಿಯ ಮೇಲೆ. ಈಗ ಹಸ್ತಪ್ರತಿ ಇಲ್ಲವಲ್ಲ, ಕಣ್ಣು ಮುಚ್ಚಿದಳು. ಕುಟ್ಟುವ ಮಾತನ್ನೇ ಗೊಣಗುವುದು ಇನ್ನೊಂದು ಚಾಳಿ. ಬೆರಳು ಓಡಿತು, ತುಟಿ ಗೊಣಗಿತು. ಮೂರು ತಿಂಗಳು ಸತಾಯಿಸಿದ ಪುಟ ಕಟ್ಟೆ ಒಡೆದು ಬಂತು. ಅಕ್ಕ ಕಿವಿಗೊಟ್ಟು ನಿಂತಿದ್ದಳು.

ಮುಗಿಸಿ ಕಣ್ಣು ಬಿಟ್ಟರೆ ಪರದೆ ಕಪ್ಪು.

"ಅಯ್ಯೋ, ಬ್ಯಾಟರಿ ಕೂತುಹೋಯ್ತಾ?" ಅಂಗಡಿಯವನು ಓಡಿಬಂದು ವೈರು ಚುಚ್ಚಿದ. ಯಂತ್ರ ಎದ್ದಿತು. ಪುಟ ಖಾಲಿ.

"ಯಾವಾಗ ಆಫ್ ಆಯ್ತೋ ಏನೋ," ಅಂದಳು ತಂಗಿ. "ಒಂದಕ್ಷರ ನೆನಪಿಲ್ಲಕ್ಕಾ. ಹೋಯ್ತು, ಎಲ್ಲಾ ಹೋಯ್ತು."

ಅಂಗಡಿಯವನು ಮೆತ್ತಗೆ ಬೇರೆ ಲ್ಯಾಪ್‌ಟಾಪ್ ಮುಂದೆ ತಳ್ಳಿದ.

"ಅದು ಬೇಡಪ್ಪ, ಇದೇ ಇರಲಿ. ವೈರು ಮಾತ್ರ ಕೀಳಬೇಡ," ಅಂದಳು ಅಕ್ಕ. ಸ್ಟೂಲು ಎಳೆದು ತಂಗಿಯ ಎಡಕ್ಕೆ ಕೂತಳು, ಇಪ್ಪತ್ತು ವರ್ಷ ಕೂತ ಜಾಗ ಅದೇ. ಓದಲು ಏನೂ ಇಲ್ಲದಿದ್ದರೂ ಕನ್ನಡಕ ಏರಿಸಿ ಗಂಟಲು ಸರಿಮಾಡಿಕೊಂಡಳು.

"ಬೇರೆಯವರ ಮಾತನ್ನು ಇಪ್ಪತ್ತು ವರ್ಷ ತಪ್ಪಿಲ್ಲದೆ ಬರೆದ ಕೈ, ಅಲ್ಪವಿರಾಮ, ತನ್ನ ಮಾತು ಬರೆಯಲು ಹೆದರಿತು. ಪೂರ್ಣವಿರಾಮ."

ತಂಗಿ ತಿರುಗಿ ನೋಡಿದಳು. ಅವಳದೇ ವಾಕ್ಯ, ಒಂದಕ್ಷರ ಆಚೀಚೆ ಇಲ್ಲ.

"ನನ್ನ ಮುಖ ಏನು ನೋಡ್ತೀಯೇ? ಇನ್ನೂ ಪುಟ ಪೂರ್ತಿ ಇದೆ," ಅಂದಳು ಅಕ್ಕ. "ಕುಟ್ಟು. ಈ ಸಲ ಕಣ್ಣು ಬಿಟ್ಕೊಂಡು."