ಮಾನಪತ್ರದ ಒಂದು ಸಾಲು

ಸೂರ್ಯಕಾಂತರನ್ನು ಸನ್ಮಾನಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘ ತೀರ್ಮಾನಿಸಿದಾಗ, ಮಾನಪತ್ರ ಬರೆಯುವ ಕೆಲಸ ಮುಖ್ಯೋಪಾಧ್ಯಾಯಿನಿಯಾದ ನನ್ನ ಪಾಲಿಗೆ ಬಂತು. ಹೈದರಾಬಾದಿನ ಕೆಲವೇ ಕನ್ನಡ ಶಾಲೆಗಳಲ್ಲಿ ನಮ್ಮದೊಂದು. ಇಂಥ ಒಬ್ಬರು ಇಲ್ಲಿ ಕಲಿತಿದ್ದರು ಎನ್ನುವುದೇ ನಮಗೆ ಹಬ್ಬ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದ ಅವರು, ಪಟಾನ್‌ಚೆರುವಿನಲ್ಲಿ ಔಷಧಿಗೆ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ ಹಾಕಿದ್ದರು. ಈಗ ಅಲ್ಲಿ ಎಪ್ಪತ್ತು ಜನ ದುಡಿಯುತ್ತಾರೆ. ವಾರಕ್ಕೆರಡು ದಿನ ಶವಾಗಾರದಿಂದ ವಾರಸುದಾರರಿಲ್ಲದ ಹೆಣಗಳನ್ನು ತಮ್ಮದೇ ವ್ಯಾನಿನಲ್ಲಿ ಒಯ್ದು ಸಂಸ್ಕಾರ ಮಾಡುತ್ತಿದ್ದರು.

ಸೈನ್ಯದ ದಿನಗಳ ಬಗ್ಗೆ ಫೋನಿನಲ್ಲಿ ಕೇಳಿದೆ. ಅದೊಂದು ಬಿಟ್ಟು ಉಳಿದದ್ದು ಬರೆಯಿರಿ ಎಂದರು.

ಅದರ ಮರುದಿನ, ಏಪ್ರಿಲ್ ತಿಂಗಳ ಉರಿಬಿಸಿಲಿನ ಮಧ್ಯಾಹ್ನ, ಒಬ್ಬ ತರುಣ ನನ್ನ ಕೋಣೆಗೆ ಬಂದ. ಇಪ್ಪತ್ತೈದರ ಆಸುಪಾಸು. ನಾನು ಬೆವರು ಒರೆಸಿಕೊಳ್ಳುತ್ತಿದ್ದರೆ ಅವನು ಫ್ಯಾನ್ ಬಂದ್ ಮಾಡಲು ಕೇಳಿದ. ಜ್ವರವಿರಬೇಕೆಂದುಕೊಂಡು ಆರಿಸಿದೆ. ಸೂರ್ಯಕಾಂತರ ಬಗ್ಗೆ ಬರೆಯಲು ಒಂದು ಸಂಗತಿ ಇದೆ ಎಂದ. ಹೇಳುವಾಗ ಅವನ ಕಣ್ಣು ನನ್ನ ಪೆನ್ನಿನ ತುದಿಯ ಮೇಲೇ ಇತ್ತು, ಒಂದು ಅಕ್ಷರವೂ ತಪ್ಪಬಾರದೆಂಬಂತೆ. ಯಾವ ಬ್ಯಾಚ್ ಎಂದು ಕೇಳಿದೆ.

"ಸೂರ್ಯಾಂದ ಬ್ಯಾಚ್ ರಿ. ತೊಂಬತ್ನಾಕು."

ತಮಾಷೆ ಮಾಡುತ್ತಿದ್ದಾನೆಂದು ನಕ್ಕುಬಿಟ್ಟೆ. ಅವನು ನಗಲಿಲ್ಲ. ಅವನು ಹೋದ ಮೇಲೂ ಕೋಣೆ ಸಂಜೆಯವರೆಗೆ ತಣ್ಣಗಿತ್ತು. ಆಗ ನನಗದು ಹಿತವೆನಿಸಿತ್ತು.

ಭಾನುವಾರ ಬೆಳಿಗ್ಗೆ ತುಂಬಿದ ಸಭೆಯಲ್ಲಿ ನಾನೇ ಮಾನಪತ್ರ ಓದಿದೆ. ಕಾರ್ಖಾನೆಯ ಮಾತಿಗೆ ಚಪ್ಪಾಳೆ, ಸಂಸ್ಕಾರದ ಮಾತಿಗೆ ಕೆಲವರು ಕೈ ಮುಗಿದರು. ಆಮೇಲೆ, ಸೈನ್ಯದ ಮಾತು ಬೇಡವೆಂದಿದ್ದರೂ ಬಿಡಲು ಮನಸ್ಸಾಗದೆ ನಾನು ಸೇರಿಸಿದ್ದ, ಆ ತರುಣ ಹೇಳಿದ್ದ ಸಾಲು ಬಂತು: "ಹಿಮದಡಿ ಸಿಕ್ಕಿಬಿದ್ದ ಸಹಪಾಠಿ ಸತೀಶನ ಕೈ ಹಿಡಿದು ನಾಲ್ಕು ತಾಸು ಕುಳಿತಿದ್ದರು, ಕತ್ತಲಾದಾಗ ಸತೀಶನೇ 'ನೀ ಹೋಗು' ಎಂದ ಮೇಲೆಯೇ ಎದ್ದರು."

ಸೂರ್ಯಕಾಂತ ಎದ್ದು ನಿಂತುಬಿಟ್ಟರು. ಹೊದಿಸಿದ್ದ ಶಾಲು ಜಾರಿ ಬಿತ್ತು. ಅಧ್ಯಕ್ಷರು ಅವರ ತೋಳು ಹಿಡಿದು ಕೂರಿಸಿದರು.

ಸಭೆ ಮುಗಿದ ಕೂಡಲೇ ನನ್ನ ಕೋಣೆಗೆ ಬಂದು, ಅದನ್ನು ಯಾರು ಹೇಳಿದರೆಂದು ಕೇಳಿದರು. ಬಂದವನ ಚಹರೆ ಹೇಳಿದೆ. ಹುಬ್ಬಿನ ಮೇಲಿದ್ದ ಗಾಯದ ಕಲೆಯ ಮಾತು ಬಂದಾಗ ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಅಲ್ಲಿ ನಾವಿಬ್ಬರ ಇದ್ವಿ ಮೇಡಂ," ಅಂದರು. "ಇಪ್ಪತ್ತೊಂದು ವರ್ಷ ಆತು. ಯಾರಿಗೂ ಹೇಳಿಲ್ಲ."

ನಿಧಾನವಾಗಿ ಎಲ್ಲ ಹೇಳಿದರು. ಗಡಿಯ ಹಿಮದಲ್ಲಿ ಇಬ್ಬರೇ ಕಾವಲಿಗಿದ್ದಾಗ ಬಂಡೆಯಂಥ ಮಂಜುಗಡ್ಡೆ ಸತೀಶನ ಮೇಲೆ ಕುಸಿದಿತ್ತು. ಒಂದು ಕೈ ಮಾತ್ರ ಹೊರಗಿತ್ತು. ಇವರಿಂದ ಗಡ್ಡೆಯನ್ನು ಅಲುಗಿಸಲಾಗಲಿಲ್ಲ. ವೈರ್‌ಲೆಸ್ ಕೆಟ್ಟಿತ್ತು. ಕತ್ತಲಾದಾಗ ಒಳಗಿನಿಂದ 'ಹೋಗು' ಎಂದು ಕೇಳಿಸಿತು. ಕೈ ಬಿಟ್ಟು ನಡೆದರು. ಬೆಳಿಗ್ಗೆ ಜನ ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೆ ಆ ಮಾತನ್ನು ನಿಜವಾಗಿ ಕೇಳಿದ್ದೆನೋ, ಬದುಕಿಕೊಳ್ಳಲು ತಾನೇ ಹುಟ್ಟಿಸಿಕೊಂಡೆನೋ ಎಂಬುದು ಅವರಿಗೆ ಎಂದೂ ಬಗೆಹರಿದಿರಲಿಲ್ಲ. ಸತೀಶನ ತಾಯಿಗೆ ಮಾತ್ರ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಜೀವ ಹೋಯಿತು, ನರಳಲಿಲ್ಲ ಎಂದು ಹೇಳಿದ್ದರು.

"ಆಕಿಗೆ ಇವತ್ತ ಹೇಳಬೇಕು. ನೀವೂ ಬರ್‍ರಿ," ಅಂದರು.

ಮಿಯಾಪುರದ ಒಂದು ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಸತೀಶನ ತಾಯಿ ಸುಂದರಾಬಾಯಿ ಮಗಳ ಜೊತೆ ಇದ್ದರು. ಎಂಬತ್ತು ದಾಟಿದ್ದರೂ ನೆಟ್ಟಗೆ ಕೂರುವ ಹೆಂಗಸು. ಸೂರ್ಯಕಾಂತ ನೆಲದ ಮೇಲೆ ಕೂತು, ತಲೆ ಎತ್ತದೆ ಎಲ್ಲವನ್ನೂ ಹೇಳಿದರು. ನನ್ನಲ್ಲಿಗೆ ಬಂದವನ ಸಂಗತಿಯನ್ನೂ ಬಿಡಲಿಲ್ಲ. ಮುದುಕಿ ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು:

"ಸೊರಗಿದ್ದನೇನ್ರಿ?"

ಇಲ್ಲ ಎಂದೆ. ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ತಾಸು ಕಾದರೂ ಬಾಗಿಲು ತೆರೆಯಲಿಲ್ಲ. ಇಷ್ಟು ವರ್ಷದ ಸುಳ್ಳಿಗೆ ಅದೇ ತಕ್ಕ ಉತ್ತರವೆಂದು ಸೂರ್ಯಕಾಂತ ಸುಮ್ಮನೆ ಮೆಟ್ಟಿಲಿಳಿದರು; ಲಿಫ್ಟ್ ಹತ್ತಲಿಲ್ಲ.

ಎಂಟು ದಿನದ ಮೇಲೆ ಸುಂದರಾಬಾಯಿಯೇ ಫೋನ್ ಮಾಡಿಸಿದರಂತೆ, ಬಂದು ಮೊದಲಿನಿಂದ ಮತ್ತೆ ಹೇಳು ಎಂದು. ಅಂದಿನಿಂದ ಸೂರ್ಯಕಾಂತ ಪ್ರತಿ ಭಾನುವಾರ ಹೋಗುತ್ತಾರೆ. ಮೊದಮೊದಲು ಇವರು ಹೇಳುತ್ತಿದ್ದರು, ಆಕೆ ಕೇಳುತ್ತಿದ್ದಳು. ಮೊನ್ನೆ ಶಾಲೆಗೆ ಬಂದಾಗ ಸೂರ್ಯಕಾಂತ, ಈಗ ಆಕೆಯೇ ಹೇಳತೊಡಗಿದ್ದಾಳೆ ಎಂದರು. ಕಳೆದ ವಾರ ಅವರ ತಲೆ ನೇವರಿಸುತ್ತ ಹೇಳಿದಳಂತೆ:

"ನೀ ಹೋದ ಮ್ಯಾಲ ಗಾಳಿ ನಿಂತಿತ್ತಂತ, ಸೂರ್ಯಾ. ಚುಕ್ಕಿ ಭಾಳ ಕಂಡುವಂತ."

ಯಾರು ಹೇಳಿದರೆಂದು ಅವರು ಕೇಳಲಿಲ್ಲ.